ಹಣೆಯ ಮೇಲಿನ ಕೂದಲು ಹಿಂದೆ ಸರಿಯುತ್ತಿರುವ ಹೆಂಗಸರಿಗೆ ಪ್ರಾಸ್ಟೇಟ್ ಮಾತ್ರೆ: ತೆಗೆದುಕೊಂಡವರು, ಬರೆದುಕೊಟ್ಟವರು ದಯವಿಟ್ಟು ತಿಳಿಸಿ

ಮಂಡ್ಯದ ನಿವೃತ್ತ ಶಿಕ್ಷಕಿ:

ಎಲ್ಲರಿಗೂ ನಮಸ್ಕಾರ. ನನಗೆ 61 ವರ್ಷ. ಮಂಡ್ಯದ ಪ್ರೌಢಶಾಲೆಯೊಂದರಲ್ಲಿ ಕನ್ನಡ ಪಾಠ ಮಾಡುತ್ತಿದ್ದು, ಕಳೆದ ವರ್ಷ ನಿವೃತ್ತಳಾದೆ. ಮುಟ್ಟು ನಿಂತು ಹತ್ತು ವರ್ಷಗಳಾಗಿವೆ. ಐದು ವರ್ಷಗಳ ಹಿಂದೆ ಹುಬ್ಬುಗಳು ತೆಳುವಾಗತೊಡಗಿದವು. ವಯಸ್ಸಾಯಿತಲ್ಲ ಎಂದುಕೊಂಡು ಪೆನ್ಸಿಲಿನಲ್ಲಿ ತೀಡಿಕೊಂಡು ಶಾಲೆಗೆ ಹೋಗುತ್ತಿದ್ದೆ. ಆಮೇಲೆ ಹಣೆ ಅಗಲವಾಗುತ್ತ ಬಂತು. ಬೈತಲೆಯ ತುದಿಗೆ ನಾನು ಕುಂಕುಮ ಇಡುತ್ತಿದ್ದ ಜಾಗ ಈಗ ಹಣೆಯೇ ಆಗಿಹೋಗಿದೆ ಎಂದರೆ ನಿಮಗೆ ಅಂದಾಜಾಗಬಹುದು. ಆ ಪಟ್ಟಿಯಷ್ಟು ಚರ್ಮ ಕೆಳಗಿನ ಹಣೆಗಿಂತ ಬೆಳ್ಳಗೆ, ನುಣ್ಣಗೆ ಹೊಳೆಯುತ್ತದೆ.

ಹರಳೆಣ್ಣೆ, ಈರುಳ್ಳಿ ರಸ, ಗರುಗದ ಸೊಪ್ಪಿನ ಎಣ್ಣೆ ಎಲ್ಲವೂ ಆದವು. ಬಿಗಿಯಾಗಿ ಜಡೆ ಹೆಣೆದದ್ದರ ಫಲ ಎಂದು ಒಬ್ಬರು, ತಲೆಗೆ ಬಣ್ಣ ಹಚ್ಚಿದ್ದರ ಫಲ ಎಂದು ಇನ್ನೊಬ್ಬರು ಹೇಳಿದರು. ಕೊನೆಗೆ ಮೈಸೂರಿನ ಚರ್ಮವೈದ್ಯರೊಬ್ಬರು ಕೂದಲಂಚಿನಿಂದ ಚರ್ಮದ ಸಣ್ಣ ತುಣುಕು ತೆಗೆದು ಪರೀಕ್ಷೆಗೆ ಕಳುಹಿಸಿ, ಇದು ಫ್ರಂಟಲ್ ಫೈಬ್ರೋಸಿಂಗ್ ಅಲೋಪೇಷಿಯಾ, ಅಂದರೆ ಕೂದಲಿನ ಬುಡವೇ ನಾಶವಾಗಿ ಅಲ್ಲಿ ಕಲೆಗಟ್ಟುವ ರೋಗ ಎಂದರು. ಹಚ್ಚಲು ಸ್ಟಿರಾಯ್ಡ್ ಮುಲಾಮು, ನುಂಗಲು ಫಿನಾಸ್ಟರೈಡ್ ಎಂಬ 5 ಮಿ.ಗ್ರಾಂ ಮಾತ್ರೆಯನ್ನು ದಿನಕ್ಕೆ ಅರ್ಧದಂತೆ ಬರೆದುಕೊಟ್ಟಿದ್ದಾರೆ. ಔಷಧದ ಅಂಗಡಿಯಲ್ಲಿ ಚೀಟಿ ನೋಡಿದ ಹುಡುಗ "ಯಜಮಾನರಿಗಾ ಮೇಡಂ, ಮೂತ್ರದ ತೊಂದರೆಯಾ?" ಎಂದು ಕೇಳಿದ. ಮನೆಗೆ ಬಂದು ಪೊಟ್ಟಣದೊಳಗಿನ ಕಾಗದ ಬಿಡಿಸಿ ಓದಿದರೆ ಇದು ಹೆಂಗಸರಿಗಲ್ಲ ಎಂದೇ ಅಚ್ಚಾಗಿದೆ. ಹಾರ್ಮೋನ್ ತಡೆಯುವ ಮಾತ್ರೆಯೆಂದು ವೈದ್ಯರು ಹೇಳಿದ್ದರು. ನನ್ನಲ್ಲಿ ಅಳಿದುಳಿದ ಹಾರ್ಮೋನನ್ನೂ ತಡೆದು ಏನು ಸಾಧಿಸಬೇಕು ಎಂಬುದು ನನಗೆ ಅರ್ಥವಾಗಲಿಲ್ಲ. ಹಾಗಾಗಿ ಇನ್ನೂ ಶುರು ಮಾಡಿಲ್ಲ.

ಮೈಸೂರಿನ ಚರ್ಮವೈದ್ಯೆ:

ಮೇಡಂ, ನಿಮ್ಮ ವೈದ್ಯರ ಚೀಟಿಯ ಮೇಲೆ ದೂರದಿಂದ ತೀರ್ಪು ಕೊಡುವುದು ಸರಿಯಲ್ಲ. ಆದರೆ ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಹೇಳಬಲ್ಲೆ.

ಫಿನಾಸ್ಟರೈಡ್ ನಿಮ್ಮ ಹೆಣ್ಣು ಹಾರ್ಮೋನಾದ ಈಸ್ಟ್ರೋಜನ್ನನ್ನು ತಡೆಯುವುದಿಲ್ಲ. ಹೆಂಗಸರ ದೇಹದಲ್ಲಿಯೂ, ಮುಟ್ಟು ನಿಂತ ಮೇಲೂ, ಅಂಡಾಶಯ ಮತ್ತು ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗಳ ಮೂಲಕ ಟೆಸ್ಟೊಸ್ಟಿರೋನ್ ಎಂಬ ಗಂಡು ಹಾರ್ಮೋನ್ ಸ್ವಲ್ಪ ತಯಾರಾಗುತ್ತಿರುತ್ತದೆ. 5-ಆಲ್ಫಾ ರಿಡಕ್ಟೇಸ್ ಎಂಬ ಕಿಣ್ವ ಅದನ್ನು ಡಿಎಚ್‌ಟಿ ಎಂಬ ಹೆಚ್ಚು ಪ್ರಬಲವಾದ ರೂಪಕ್ಕೆ ಬದಲಿಸುತ್ತದೆ. ಈ ಕಿಣ್ವದಲ್ಲಿ ಮುಖ್ಯವಾಗಿ ಎರಡು ಬಗೆಗಳಿದ್ದು, ಫಿನಾಸ್ಟರೈಡ್ ಎರಡನೆಯ ಬಗೆಯನ್ನು, ಅದೇ ಗುಂಪಿನ ಇನ್ನೊಂದು ಔಷಧವಾದ ಡುಟಾಸ್ಟರೈಡ್ ಎರಡೂ ಬಗೆಗಳನ್ನು ತಡೆಯುತ್ತದೆ. ಫಿನಾಸ್ಟರೈಡ್ 1992ರಲ್ಲಿ ಅಮೆರಿಕದಲ್ಲಿ ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯ ಊತಕ್ಕೆ ಅನುಮತಿ ಪಡೆಯಿತು. 1997ರಲ್ಲಿ 1 ಮಿ.ಗ್ರಾಂ ಪ್ರಮಾಣದಲ್ಲಿ ಗಂಡಸರ ಬೋಳುತಲೆಗೂ ಅನುಮತಿ ಸಿಕ್ಕಿತು. ಹೆಂಗಸರ ಕಲೆಗಟ್ಟುವ ಕೂದಲುದುರಿಕೆಗೆ ಇವೆರಡರಲ್ಲಿ ಒಂದಕ್ಕೂ ಅಂಥ ಅನುಮತಿ ಇಲ್ಲ. ವೈದ್ಯರು ತಮ್ಮ ವಿವೇಚನೆಯಿಂದ, ರೋಗಿಗೆ ವಿಷಯ ತಿಳಿಸಿ ಕೊಡುವ ಔಷಧಗಳಿವು. ನಿಮಗೆ ಅದನ್ನು ತಿಳಿಸಬೇಕಿತ್ತು. ಪೊಟ್ಟಣದ ಕಾಗದದಿಂದ ನೀವು ತಿಳಿಯಬೇಕಾಗಿ ಬಂದದ್ದು ಬೇಸರದ ಸಂಗತಿ.

ಇನ್ನು ರೋಗದ ಬಗ್ಗೆ. ಸಿಡ್ನಿಯ ಸ್ಟೀವನ್ ಕೊಸಾರ್ಡ್ ಅವರು 1994ರಲ್ಲಿ ಮುಟ್ಟು ನಿಂತ ಆರು ಮಂದಿ ಹೆಂಗಸರಲ್ಲಿ ಇದನ್ನು ಗುರುತಿಸಿ ಬರೆದರು. ನಮ್ಮದೇ ಬಿಳಿರಕ್ತಕಣಗಳಲ್ಲಿ ಒಂದು ಬಗೆಯಾದ ಲಿಂಫೋಸೈಟ್‌ಗಳು ಕೂದಲು ಬೆಳೆಯುವ ಪುಟ್ಟ ಕುಳಿಯ ಮೇಲ್ಭಾಗವನ್ನು ಸುತ್ತುವರಿಯುತ್ತವೆ. ಕೂದಲು ಮತ್ತೆ ಮತ್ತೆ ಹುಟ್ಟಲು ಬೇಕಾದ ಕಾಂಡಕೋಶಗಳು ಇರುವುದು ಸರಿಯಾಗಿ ಅಲ್ಲಿಯೇ. ಅವು ನಾಶವಾದರೆ ಕುಳಿಯ ಜಾಗವನ್ನು ನಾರಿನ ಅಂಗಾಂಶ ತುಂಬಿಕೊಳ್ಳುತ್ತದೆ. ಬೇರು ಸಮೇತ ಕಿತ್ತ ಪೈರು ಮತ್ತೆ ಚಿಗುರದಿರುವಂತೆ, ನುಣ್ಣಗಾದ ಆ ಪಟ್ಟಿಯಲ್ಲಿ ಯಾವ ಎಣ್ಣೆಯೂ ಯಾವ ಮಾತ್ರೆಯೂ ಕೂದಲನ್ನು ಮರಳಿ ತರಲಾರದು. ಹುಬ್ಬು ಮೊದಲು ಹೋಗುವುದು ಈ ರೋಗದಲ್ಲಿ ಬಹಳ ಸಾಮಾನ್ಯ.

ಕುವೆಂಪುನಗರದ ಗೃಹಿಣಿ:

ಟೀಚರ್, ನಿಮ್ಮ ಕುಂಕುಮದ ಮಾತು ಓದಿ ನನ್ನ ಕಥೆಯನ್ನೇ ಓದಿದಂತಾಯಿತು. ನನಗೆ 64 ವರ್ಷ. ನಾಲ್ಕು ವರ್ಷಗಳಿಂದ ಡುಟಾಸ್ಟರೈಡ್ ತೆಗೆದುಕೊಳ್ಳುತ್ತಿದ್ದೇನೆ. ರೋಗ ಏನೆಂದು ತಿಳಿಯುವ ಮೊದಲು ಹರಕೆಯಿದ್ದುದರಿಂದ ಬೆಟ್ಟಕ್ಕೆ ಹೋಗಿ ಮಾದಪ್ಪನಿಗೆ ಮುಡಿ ಕೊಟ್ಟಿದ್ದೆ. ಬೋಳಿಸಿದರೆ ಕೂದಲು ದಟ್ಟವಾಗಿ ಬರುತ್ತದೆ ಎಂಬ ಒಳಗಿನ ಆಸೆಯೂ ಇತ್ತೆಂದು ಒಪ್ಪಿಕೊಳ್ಳುತ್ತೇನೆ. ಆರು ತಿಂಗಳಲ್ಲಿ ತಲೆಯ ಬೇರೆಲ್ಲ ಕಡೆ ಬಂತು. ಮುಂದೆ ಎರಡು ಬೆರಳಗಲದ ಪಟ್ಟಿ ಮಾತ್ರ ಹಾಗೆಯೇ ಉಳಿಯಿತು, ಅದರ ನಡುವೆ ದಾರಿ ತಪ್ಪಿದಂತೆ ನಾಲ್ಕೈದು ಒಂಟಿ ಕೂದಲು. ಆ ಒಂಟಿ ಕೂದಲುಗಳನ್ನು ನೋಡಿಯೇ ವೈದ್ಯರು ಹೆಸರು ಹೇಳಿದರು.

ಮಾತ್ರೆ ಶುರು ಮಾಡಿದ ಮೊದಲ ಆರು ತಿಂಗಳು ಏನೂ ಗೊತ್ತಾಗಲಿಲ್ಲ, ಇನ್ನೂ ಸ್ವಲ್ಪ ಕೂದಲು ಹೋಯಿತು. ಆಮೇಲೆ ಕೂದಲಂಚಿನ ಕೆಂಪು, ನವೆ, ಹೊಟ್ಟಿನಂಥ ಪೊರೆ ಕಡಿಮೆಯಾಗುತ್ತ ಬಂದವು. ಕಳೆದ ಎರಡು ವರ್ಷಗಳಲ್ಲಿ ಅಂಚು ಹಿಂದೆ ಸರಿದಿಲ್ಲ. ಹೋದದ್ದು ಬಂದಿಲ್ಲ. ಸ್ತನಗಳಲ್ಲಿ ಕೆಲಕಾಲ ನೋವಿತ್ತು, ತಾನಾಗಿಯೇ ಹೋಯಿತು. ನನ್ನ ಮಟ್ಟಿಗೆ ಮಾತ್ರೆ ಕೆಲಸ ಮಾಡಿದೆ.

ಲೆಕ್ಕದ ಮೇಷ್ಟ್ರು, ಶ್ರೀರಂಗಪಟ್ಟಣ:

ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಟ್ಟವನು ನಾನು. ನನ್ನ ತಂಗಿಗೆ ಇದೇ ರೋಗವಿರುವುದರಿಂದ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ. ಕುವೆಂಪುನಗರದ ಅಮ್ಮನವರ ಅನುಭವವನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ಮಾತ್ರೆ ಕೆಲಸ ಮಾಡಿದೆ ಎಂಬ ಮಾತಿಗೆ ನನ್ನ ತಕರಾರಿದೆ.

ಈ ರೋಗ ಕೆಲವರಲ್ಲಿ ಏನೂ ಮಾಡದಿದ್ದರೂ ಕೆಲವು ವರ್ಷ ಹರಿದು ತಾನಾಗಿಯೇ ನಿಲ್ಲುತ್ತದೆ. ತಾನಾಗಿ ನಿಲ್ಲಬಲ್ಲ ರೋಗಕ್ಕೆ, ನಿಲ್ಲಿಸುವುದೇ ಗುರಿಯಾಗಿರುವ ಔಷಧ ಕೊಟ್ಟರೆ, ನಿಂತಾಗ ಹೆಸರು ಯಾರಿಗೆ ಹೋಗಬೇಕು? ಮಳೆ ಬರುವ ಮುನ್ನಾದಿನ ಕಪ್ಪೆ ಮದುವೆ ಮಾಡಿದವರಿಗೆ ಮಳೆಯ ಕೀರ್ತಿ ಸಿಕ್ಕ ಹಾಗಾಗುತ್ತದೆ.

ಎಲ್ಲರೂ ಉಲ್ಲೇಖಿಸುವ ಸ್ಪೇನಿನ ಅಧ್ಯಯನ 2014ರದು. 355 ರೋಗಿಗಳು, ಅವರಲ್ಲಿ 343 ಮಂದಿ ಹೆಂಗಸರು. ಫಿನಾಸ್ಟರೈಡ್ ಅಥವಾ ಡುಟಾಸ್ಟರೈಡ್ ಪಡೆದವರು 111 ಮಂದಿ. ಅವರಲ್ಲಿ 52 ಮಂದಿಗೆ ಸುಧಾರಣೆ, 59 ಮಂದಿಗೆ ಸ್ಥಿರತೆ. ಕೂಡಿಸಿ ನೋಡಿ: 111. ಮಾತ್ರೆ ತೆಗೆದುಕೊಂಡವರಲ್ಲಿ ಒಬ್ಬರಿಗೂ ರೋಗ ಮುಂದುವರಿಯಲಿಲ್ಲ ಎಂದಾಯಿತು. ಇಡೀ ತರಗತಿ ತೇರ್ಗಡೆಯಾದರೆ ನಾನು ಮೊದಲು ಪ್ರಶ್ನೆಪತ್ರಿಕೆಯನ್ನು ಅನುಮಾನಿಸುತ್ತೇನೆ, ಆಮೇಲೆ ಮಕ್ಕಳನ್ನು ಹೊಗಳುತ್ತೇನೆ. ಇದು ಹಳೆಯ ಕಡತಗಳನ್ನು ತಿರುವಿ ಮಾಡಿದ ಅಧ್ಯಯನ. ಮಾತ್ರೆಯ ಜೊತೆಗೆ ಮುಲಾಮು, ಚುಚ್ಚುಮದ್ದುಗಳನ್ನು ಪಡೆದವರೂ ಇಂಥ ಗುಂಪುಗಳಲ್ಲಿ ಇರುತ್ತಾರೆ. ಯಾರಿಗೆ ಯಾವ ಮಾತ್ರೆ ಎಂಬುದನ್ನು ಲಾಟರಿಯಂತೆ ಚೀಟಿ ಎತ್ತಿ ಆರಿಸಿದ್ದಲ್ಲ, ಹಾಗಾಗಿ ಫಲ ಮಾತ್ರೆಯದೇ ಎಂದು ಬಿಡಿಸಿ ಹೇಳಲಾಗದು.

ಮೈಸೂರಿನ ಚರ್ಮವೈದ್ಯೆ:

ಮೇಷ್ಟ್ರ ತಕರಾರು ನ್ಯಾಯವಾದದ್ದು. ಪ್ರಶ್ನೆಪತ್ರಿಕೆಯ ಮಾತು ನನಗೆ ಹಿಡಿಸಿತು. ಆದರೆ ಕಥೆ 2014ಕ್ಕೆ ಮುಗಿಯಲಿಲ್ಲ. 2021ರಲ್ಲಿ ಅದೇ ದೇಶದಿಂದ 224 ರೋಗಿಗಳ ಇನ್ನೊಂದು ವರದಿ ಬಂತು. ಡುಟಾಸ್ಟರೈಡ್ ಪಡೆದ 148 ಮಂದಿಯನ್ನು ಬೇರೆ ಮಾತ್ರೆ ಪಡೆದವರೊಂದಿಗೆ, ಮಾತ್ರೆಯನ್ನೇ ಪಡೆಯದವರೊಂದಿಗೆ ಹೋಲಿಸಿದರು. ಮಾತ್ರೆ ಪಡೆಯದವರಿಗಿಂತ ಇವರಲ್ಲಿ ಕೂದಲಂಚು ನಿಂತದ್ದು ಹೆಚ್ಚು. ವಾರಕ್ಕೆ ಐದರಿಂದ ಏಳು ಗುಳಿಗೆ ತೆಗೆದುಕೊಂಡವರಲ್ಲಿ ಇನ್ನೂ ಹೆಚ್ಚು. ಪ್ರಮಾಣ ಹೆಚ್ಚಿದಂತೆ ಫಲ ಹೆಚ್ಚುವುದು ಕಾಕತಾಳೀಯಕ್ಕೆ ಅಷ್ಟು ಸುಲಭವಾಗಿ ಒಗ್ಗುವ ಸಂಗತಿಯಲ್ಲ. ಆದರೂ ಇದೂ ಚೀಟಿ ಎತ್ತಿ ಮಾಡಿದ ಪ್ರಯೋಗವಲ್ಲ ಎಂಬುದು ನಿಜ.

ನನ್ನನ್ನು ಹೆಚ್ಚು ಕಾಡುವ ಪ್ರಶ್ನೆ ಬೇರೆ. ಇದು ಮೂಲತಃ ಉರಿಯೂತದ ರೋಗ. ಹೆಚ್ಚಿನ ರೋಗಿಗಳ ರಕ್ತದಲ್ಲಿ ಗಂಡು ಹಾರ್ಮೋನ್ ಹೆಚ್ಚಾಗಿಯೇನೂ ಇರುವುದಿಲ್ಲ. ಹಾಗಿದ್ದರೆ ಡಿಎಚ್‌ಟಿ ತಡೆದರೆ ಏಕೆ ಫಲ ಸಿಗಬೇಕು? ಈ ವಯಸ್ಸಿನ ಬಹಳಷ್ಟು ಹೆಂಗಸರಿಗೆ ನಡುನೆತ್ತಿಯಲ್ಲಿ ಕೂದಲು ಸಣ್ಣಗಾಗುವ ಸಾಮಾನ್ಯ ತೊಂದರೆಯೂ ಜೊತೆಗೇ ಇರುತ್ತದೆ. ಮಾತ್ರೆ ಸರಿಪಡಿಸುವುದು ಆ ಸಾಮಾನ್ಯ ತೊಂದರೆಯನ್ನು, ಸುಧಾರಿಸಿತೆಂದು ನಾವು ಅಂದುಕೊಳ್ಳುವುದು ಈ ರೋಗವನ್ನು ಎಂಬ ಸಂಶಯವಿದೆ. ಸುಧಾರಣೆ ಎಂಬ ಪದದಲ್ಲಿ ಅಡಗಿರುವುದು ಬಹುಮಟ್ಟಿಗೆ ಹೀಗೆ ದಪ್ಪವಾದ ಜೀವಂತ ಕೂದಲುಗಳೇ ಇರಬಹುದು. ಇನ್ನೊಂದು ಕಡೆಯಿಂದ, 2019ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವು ರೋಗನಿರೋಧಕ ವ್ಯವಸ್ಥೆಗೆ ಸೇರಿದ ಎಚ್‌ಎಲ್‌ಎ-ಬಿ ವಂಶವಾಹಿಯ ಒಂದು ರೂಪದ ಜೊತೆಗೆ, ಹಾರ್ಮೋನುಗಳನ್ನು ಒಡೆಯುವ ಕೆಲಸದಲ್ಲಿ ಪಾಲ್ಗೊಳ್ಳುವ ಸಿವೈಪಿ1ಬಿ1 ಎಂಬ ವಂಶವಾಹಿಗೂ ಈ ರೋಗಕ್ಕೂ ನಂಟು ತೋರಿಸಿತು. ಮುಟ್ಟು ನಿಂತ ಮೇಲೆ, ಗಂಡಸರ ಬೋಳುತಲೆ ಆರಂಭವಾಗುವ ಜಾಗದಲ್ಲಿಯೇ ಇದು ಕಾಣಿಸಿಕೊಳ್ಳುವುದೂ ಸುಮ್ಮನೆ ಅಲ್ಲ ಎನಿಸುತ್ತದೆ. ಆ ಸಂಶಯ, ಈ ಹಾರ್ಮೋನಿನ ನಂಟು ಎರಡೂ ಸ್ವಲ್ಪ ಸ್ವಲ್ಪ ನಿಜ ಎಂಬುದು ನನ್ನ ಅಂದಾಜು.

ವಿಜಯನಗರದ ಓದುಗಿ:

ಮುಟ್ಟು ನಿಂತವರದೇ ಮಾತಾಗುತ್ತಿದೆ. ನನಗೆ 34. ಭರತನಾಟ್ಯಕ್ಕಾಗಿ ಚಿಕ್ಕಂದಿನಿಂದ ಬಿಗಿಯಾದ ಜಡೆ, ಮೊಗ್ಗಿನ ಜಡೆ, ಅದರ ಮೇಲೆ ತಲೆಸಾಮಾನಿನ ಭಾರ. ಕಿವಿಯ ಮೇಲ್ಭಾಗದಲ್ಲಿ ಕೂದಲು ಹೋದಾಗ ಎಳೆತದಿಂದ ಎಂದೇ ಎಲ್ಲರೂ ಹೇಳಿದರು. ಎರಡು ವರ್ಷ ಜಡೆ ಸಡಿಲ ಬಿಟ್ಟೆ, ನಿಲ್ಲಲಿಲ್ಲ. ಆಮೇಲೆ ಬಯಾಪ್ಸಿಯಲ್ಲಿ ಈ ರೋಗ ಗೊತ್ತಾಯಿತು. ಹಣೆಯ ಬದಿಗಳಲ್ಲಿ ಕಂದು ಬಣ್ಣದ ಮಚ್ಚೆಯಂತೆ ಹರಡಿದ್ದನ್ನು ಬಂಗು ಎಂದು ಇಷ್ಟು ದಿನ ಕ್ರೀಮು ಹಚ್ಚುತ್ತಿದ್ದೆ. ನಾನೂ ಈ ಮಾತ್ರೆ ತೆಗೆದುಕೊಳ್ಳಬಹುದೆ? ಇನ್ನೊಂದು ಮಗು ಬೇಕೆಂಬ ಆಸೆಯಿದೆ.

ಮೈಸೂರಿನ ಚರ್ಮವೈದ್ಯೆ:

ಎಳೆತಕ್ಕೂ ಇದಕ್ಕೂ ಒಂದು ವ್ಯತ್ಯಾಸ ಬರಿಗಣ್ಣಿಗೇ ಕಾಣುತ್ತದೆ. ಜಡೆಯ ಎಳೆತದಿಂದ ಉದುರಿದರೆ, ಜಡೆಗೆ ಸಿಕ್ಕದಷ್ಟು ಸಣ್ಣಗಿರುವ ಮುಂದಿನ ಮರಿಗೂದಲು ಅಂಚಿನಲ್ಲಿ ಹಾಗೆಯೇ ಉಳಿದಿರುತ್ತದೆ. ಈ ರೋಗದಲ್ಲಿ ಮೊದಲು ಹೋಗುವುದೇ ಆ ಮರಿಗೂದಲು. ನಿಮ್ಮ ಕಂದು ಮಚ್ಚೆಗಳನ್ನೂ ವೈದ್ಯರಿಗೆ ತೋರಿಸಿ. ಲೈಕನ್ ಪ್ಲೇನಸ್ ಪಿಗ್ಮೆಂಟೋಸಸ್ ಎಂಬ ಚರ್ಮದ ತೊಂದರೆ ನಮ್ಮಂಥ ಮೈಬಣ್ಣದವರಲ್ಲಿ ಈ ರೋಗದ ಜೊತೆಗೆ, ಕೆಲವೊಮ್ಮೆ ಅದಕ್ಕಿಂತ ಮೊದಲೇ ಬರುತ್ತದೆ.

ಮಾತ್ರೆಯ ವಿಷಯಕ್ಕೆ ನನ್ನ ಉತ್ತರ ಸ್ಪಷ್ಟ: ಮಗುವಿನ ಯೋಚನೆ ಇರುವಾಗ ಬೇಡ. ಗರ್ಭದಲ್ಲಿರುವ ಗಂಡುಮಗುವಿನ ಜನನಾಂಗ ರೂಪುಗೊಳ್ಳಲು ಡಿಎಚ್‌ಟಿ ಬೇಕು. ಕೆರಿಬಿಯನ್ನಿನ ಡೊಮಿನಿಕನ್ ಗಣರಾಜ್ಯದಲ್ಲಿ ಹುಟ್ಟಿನಿಂದಲೇ ಅದನ್ನು ತಯಾರಿಸುವ ಕಿಣ್ವ ಕೊರತೆಯಾಗಿದ್ದು, ಹೆಣ್ಣೆಂದೇ ಬೆಳೆದ ಗಂಡುಮಕ್ಕಳ ಬಗ್ಗೆ 1974ರಲ್ಲಿ ಪ್ರಕಟವಾದ ವಿವರಗಳಿಂದಲೇ ಈ ಔಷಧಗಳ ಕಲ್ಪನೆ ಮೊಳೆತದ್ದು. ಫಿನಾಸ್ಟರೈಡ್ ರಕ್ತದಲ್ಲಿ ಅರ್ಧಕ್ಕಿಳಿಯಲು ಕೆಲವು ಗಂಟೆ ಸಾಕು; ಡುಟಾಸ್ಟರೈಡಿಗೆ ಸುಮಾರು ಐದು ವಾರ ಬೇಕು, ಅಂದರೆ ನಿಲ್ಲಿಸಿದ ಮೇಲೂ ತಿಂಗಳುಗಟ್ಟಲೆ ದೇಹದಲ್ಲಿರುತ್ತದೆ. ಗಂಡು ಹಾರ್ಮೋನ್ ಜೀವಕೋಶಕ್ಕೆ ಅಂಟುವ ಜಾಗವನ್ನೇ ತಡೆಯುವ ಸ್ಪೈರೊನೊಲ್ಯಾಕ್ಟೋನ್ ಎಂಬ ಮಾತ್ರೆ ಕೂಡ ಗರ್ಭ ಧರಿಸುವವರಿಗೆ ಸಲ್ಲದು. ಅದು ರಕ್ತದೊತ್ತಡ ಇಳಿಸಿ ಪೊಟ್ಯಾಸಿಯಂ ಏರಿಸುತ್ತದೆ. ನಿಮ್ಮ ವೈದ್ಯರ ಬಳಿ ಉರಿಯೂತ ತಗ್ಗಿಸುವ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಯ ಬಗ್ಗೆ ಕೇಳಿ. ಲೂಪಸ್ ಎಂಬ ರೋಗನಿರೋಧಕ ವ್ಯವಸ್ಥೆಯ ಕಾಯಿಲೆ ಇರುವ ಗರ್ಭಿಣಿಯರಿಗೂ ಕೊಡುವ ಔಷಧವದು. ಕಣ್ಣಿನ ಅಕ್ಷಿಪಟದ ತಪಾಸಣೆಯನ್ನು ಮಾತ್ರ ತಪ್ಪಿಸಬಾರದು.

ಔಷಧ ಅಂಗಡಿಯವರು, ಮದ್ದೂರು:

ಮೊದಲನೆಯದಾಗಿ, ಚೀಟಿ ಹಿಡಿದು ಬಂದವರ ರೋಗವನ್ನು ಅಂಗಡಿಯ ಮುಂದೆ ಕೂಗಿ ಕೇಳಬಾರದೆಂದು ನಮ್ಮ ಹುಡುಗರಿಗೆ ನಾನೂ ಹೇಳುತ್ತಿರುತ್ತೇನೆ. ನಮ್ಮವರ ಪರವಾಗಿ ಕ್ಷಮೆಯಿರಲಿ ಮೇಡಂ.

ಎರಡನೆಯದು ಮುಖ್ಯ. ದಿನಕ್ಕೆ ಅರ್ಧ ಮಾತ್ರೆ ಎಂದು ಬರೆದಿದ್ದೀರಿ. ಫಿನಾಸ್ಟರೈಡ್ ಮಾತ್ರೆಗೆ ಮೇಲೊಂದು ಲೇಪವಿರುತ್ತದೆ. ಇಡಿಯಾಗಿದ್ದಾಗ ಕೈಗೆ ಔಷಧ ಅಂಟುವುದಿಲ್ಲ. ಮುರಿದರೆ ಪುಡಿ ಏಳುತ್ತದೆ. ಮನೆಯಲ್ಲಿ ಗರ್ಭಿಣಿಯರಿದ್ದರೆ ಮುರಿದ ಮಾತ್ರೆಯನ್ನು ಅವರು ಮುಟ್ಟಬಾರದು. ಇನ್ನು, ಈ ಮಾತ್ರೆ ನಿಲ್ಲಿಸಿ ಒಂದು ತಿಂಗಳಾಗುವವರೆಗೆ, ಡುಟಾಸ್ಟರೈಡ್ ಆದರೆ ಆರು ತಿಂಗಳಾಗುವವರೆಗೆ ರಕ್ತದಾನ ಮಾಡುವಂತಿಲ್ಲ. ಆ ರಕ್ತ ಯಾವ ಗರ್ಭಿಣಿಗೆ ಹೋಗುತ್ತದೋ ಯಾರಿಗೆ ಗೊತ್ತು.

ಮಂಡ್ಯದ ನಿವೃತ್ತ ಶಿಕ್ಷಕಿ:

ಓದಿ ಎದೆ ಧಸಕ್ಕೆಂದಿತು. ನನ್ನ ಮಗಳು ಮೂರು ತಿಂಗಳ ಗರ್ಭಿಣಿ. ವಾಂತಿ ವಿಪರೀತವೆಂದು ಇಲ್ಲಿಯೇ ಬಂದು ಉಳಿದಿದ್ದಾಳೆ. ನನ್ನ ಕೈ ನಡುಗುತ್ತದೆಂದು ಬಿಪಿ ಮಾತ್ರೆಯನ್ನು ದಿನವೂ ಅರ್ಧ ಮಾಡಿಕೊಡುವವಳು ಅವಳೇ. ಇದನ್ನೂ ಅವಳ ಕೈಗೇ ಕೊಡುವವಳಿದ್ದೆ. ಚೀಟಿ ಬರೆಯುವಾಗ ಮನೆಯಲ್ಲಿ ಯಾರಿದ್ದಾರೆ ಎಂದು ಯಾರೂ ಕೇಳಲಿಲ್ಲ, 61 ವರ್ಷದವಳಿಗೆ ಗರ್ಭದ ವಿಚಾರ ಏಕೆ ಎಂದುಕೊಂಡಿರಬೇಕು. ಪೊಟ್ಟಣವನ್ನು ಈಗಲೇ ಬೀರುವಿನ ಮೇಲಿಟ್ಟಿದ್ದೇನೆ.

ಕುವೆಂಪುನಗರದ ಗೃಹಿಣಿ:

ಒಳ್ಳೆಯದಾಯಿತು ಟೀಚರ್. ಮೇಷ್ಟ್ರಿಗೊಂದು ಮಾತು: ನನಗೂ ನಿಮ್ಮ ಅನುಮಾನವೇ ಬಂದು, ಮೂರನೆಯ ವರ್ಷ ವೈದ್ಯರಿಗೆ ಹೇಳಿಯೇ ಮಾತ್ರೆ ನಿಲ್ಲಿಸಿದ್ದೆ. ಏಳೆಂಟು ತಿಂಗಳಲ್ಲಿ ನವೆ ಮರಳಿತು. ಮತ್ತೆ ಶುರು ಮಾಡಿದೆ.

ಲೆಕ್ಕದ ಮೇಷ್ಟ್ರು, ಶ್ರೀರಂಗಪಟ್ಟಣ:

ಅದು ಗಣನೆಗೆ ತೆಗೆದುಕೊಳ್ಳಬೇಕಾದ ಸಂಗತಿ ಅಮ್ಮ. ಒಬ್ಬರದೇ ಆದರೂ, ನಿಲ್ಲಿಸಿ ನೋಡಿದ್ದೀರಿ. ಆದರೆ ನವೆ ಒಂದು, ಕೂದಲಂಚು ಇನ್ನೊಂದು. ಅಂಚು ಎಷ್ಟು ಸರಿಯಿತು ಎಂದು ಅಳೆದಿದ್ದಿರಾ? ನನ್ನ ತಂಗಿಯ ನಾಲ್ಕು ವರ್ಷದ ಚೀಟಿಗಳಲ್ಲಿ ಔಷಧದ ಹೆಸರುಗಳಿವೆ, ಒಂದೇ ಒಂದು ಅಳತೆ ಇಲ್ಲ. ಅಳೆಯದೆ ನಿಂತಿತು ಎನ್ನುವುದೂ ತಪ್ಪು, ಸರಿಯಿತು ಎನ್ನುವುದೂ ತಪ್ಪು. ಕನ್ನಡಿಯ ಮುಂದೆ ಭಯವಾದ ದಿನ ಒಂದು ಅಂಗುಲ ಹೆಚ್ಚೇ ಕಾಣುತ್ತದೆ.

ಮೈಸೂರಿನ ಚರ್ಮವೈದ್ಯೆ:

ಈ ಮಾತಿಗೆ ನನ್ನ ಪೂರ್ಣ ಸಮ್ಮತಿ. ಹುಬ್ಬುಗಳ ನಡುವಿನ ಬಿಂದುವಿನಿಂದ ನೇರ ಮೇಲಕ್ಕೆ ಕೂದಲಂಚಿನವರೆಗೆ, ಹಾಗೆಯೇ ಎರಡೂ ಕಡೆ ಕಣ್ಣಿನ ಹೊರತುದಿಯಿಂದ ಪಕ್ಕದ ಕೂದಲಂಚಿನವರೆಗೆ ಅಳೆದು ಬರೆದಿಡಬೇಕು. ಮೂರು ನಾಲ್ಕು ತಿಂಗಳಿಗೊಮ್ಮೆ, ಒಂದೇ ಬೆಳಕಿನಲ್ಲಿ ಫೋಟೊ ತೆಗೆಯಬೇಕು. ನಡುವೆ ಉಳಿದ ಒಂಟಿ ಕೂದಲನ್ನು ಅಂಚೆಂದು ಲೆಕ್ಕ ಹಾಕಬಾರದು.

ಮಾತ್ರೆಯ ಕೆಡುಕನ್ನೂ ಹೇಳಿಬಿಡುತ್ತೇನೆ. ಸ್ತನಗಳಲ್ಲಿ ನೋವು, ಕಾಮಾಸಕ್ತಿ ಕುಂದುವುದು, ತಲೆನೋವು ಕೆಲವರಲ್ಲಿ ಕಾಣುತ್ತವೆ. ಫಿನಾಸ್ಟರೈಡ್ ತೆಗೆದುಕೊಂಡವರಲ್ಲಿ ಆತ್ಮಹತ್ಯೆಯ ಯೋಚನೆ ಬರುವುದನ್ನು ಐರೋಪ್ಯ ಔಷಧ ಸಂಸ್ಥೆಯ ಸುರಕ್ಷತಾ ಸಮಿತಿ 2025ರಲ್ಲಿ ಅಡ್ಡಪರಿಣಾಮವೆಂದು ಖಚಿತಪಡಿಸಿತು. ಅದು ಹೆಚ್ಚಾಗಿ ಗಂಡಸರ ಅನುಭವಗಳನ್ನು ಆಧರಿಸಿದ್ದರೂ, ಖಿನ್ನತೆಗೆ ಚಿಕಿತ್ಸೆ ಪಡೆದಿರುವವರು ಮುಚ್ಚುಮರೆಯಿಲ್ಲದೆ ವೈದ್ಯರಿಗೆ ತಿಳಿಸಬೇಕು. ಸ್ತನದ ಕ್ಯಾನ್ಸರ್ ಆದವರಿಗೆ ನಾನು ಇದನ್ನು ಬರೆಯುವುದಿಲ್ಲ. ಕೂದಲು ಕಸಿಯ ಜಾಹೀರಾತು ನೋಡಿ ಹೊರಡುವವರೂ ಒಂದು ಗಳಿಗೆ ನಿಲ್ಲಿ: ನೆಟ್ಟ ಕೂದಲನ್ನೂ ಈ ರೋಗ ವರ್ಷಗಳ ಮೇಲೆ ತಿಂದುಹಾಕಿದ ಉದಾಹರಣೆಗಳು ಸಾಕಷ್ಟಿವೆ.

ಮಂಡ್ಯದ ನಿವೃತ್ತ ಶಿಕ್ಷಕಿ:

ಆರು ವಾರಗಳ ಮೇಲೆ ಬರೆಯುತ್ತಿದ್ದೇನೆ. ಮೈಸೂರಿಗೆ ಹೋಗಿ ವೈದ್ಯರ ಬಳಿ ಎಲ್ಲವನ್ನೂ ಕೇಳಿದೆ. ಮಗಳ ವಿಷಯ ಹೇಳಿದಾಗ ಅವರು ಚೀಟಿ ಹಿಂದಕ್ಕೆ ತೆಗೆದುಕೊಂಡು, ಹೆರಿಗೆಯಾಗಿ ಮಗಳು ಗಂಡನ ಮನೆಗೆ ಹೋಗುವವರೆಗೆ ಹಾರ್ಮೋನ್ ತಡೆಯುವ ಮಾತ್ರೆ ಬೇಡ ಎಂದರು. ಅಲ್ಲಿಯವರೆಗೆ ಮುಲಾಮು ಮತ್ತು ಕೂದಲಂಚಿಗೆ ಕೆಲವು ವಾರಗಳಿಗೊಮ್ಮೆ ಸ್ಟಿರಾಯ್ಡ್ ಚುಚ್ಚುಮದ್ದು. ಮೊದಲನೆಯದು ಆಯಿತು, ನೋವು ಸಹಿಸುವಂತಿತ್ತು.

ರವಿಕೆ ಹೊಲಿಯುವ ಡಬ್ಬಿಯಿಂದ ಟೇಪು ತೆಗೆದು ಮಗಳ ಕೈಯಲ್ಲಿ ಅಳೆಸಿದೆ. ನಡುವೆ 9 ಸೆಂ.ಮೀ., ಬಲಗಡೆ 6, ಎಡಗಡೆ ಆರೂವರೆ. ಕ್ಯಾಲೆಂಡರಿನ ಹಿಂದೆ ಬರೆದಿದ್ದೇನೆ. ಮಾತ್ರೆ ಇಲ್ಲದ ಈ ಏಳೆಂಟು ತಿಂಗಳ ಅಳತೆ ಮೇಷ್ಟ್ರಿಗೂ ಕೆಲಸಕ್ಕೆ ಬರಬಹುದು.

ಲೆಕ್ಕದ ಮೇಷ್ಟ್ರು, ಶ್ರೀರಂಗಪಟ್ಟಣ:

ಖಂಡಿತ ಬರುತ್ತದೆ ಮೇಡಂ. ಆದರೆ ಪ್ರತಿ ಸಲವೂ ಮಗಳೇ ಅಳೆಯಲಿ, ಅದೇ ಟೇಪಿನಲ್ಲಿ. ಹಿಂದಿನ ಅಳತೆಯನ್ನು ಮಾತ್ರ ಅವಳಿಗೆ ಮೊದಲೇ ತೋರಿಸಬೇಡಿ.